ಅಲ್ಲ ಎನ್ನುತ್ತ ಕಳೆದ ನಾಲ್ಕು ವರ್ಷ

ನನ್ನ ಮೊಬೈಲಿಗೆ ಕನ್ನಡ ಕಲಿಸಿದವರು ಯಾರೋ ನನಗೆ ಗೊತ್ತಿಲ್ಲ. ಆದರೆ ಅವರು ಬಹಳ ಶಿಷ್ಟರಿರಬೇಕು. ಹೊಸದಾಗಿ ಏನನ್ನು ತೆರೆದರೂ ಅದು ನನ್ನ ಮುಂದೆ ಎರಡು ಗುಂಡಿಗಳನ್ನಿಟ್ಟು ಕೈಕಟ್ಟಿ ನಿಲ್ಲುತ್ತದೆ. ಒಂದರ ಮೇಲೆ 'ಅನುಮತಿಸಿ', ಇನ್ನೊಂದರ ಮೇಲೆ 'ನಿರಾಕರಿಸಿ'. ಮೊನ್ನೆ ಬೆಳಿಗ್ಗೆ ಹವಾಮಾನ ನೋಡೋಣವೆಂದು ಒತ್ತಿದರೆ, ನಿಮ್ಮ ಧ್ವನಿಯನ್ನು ಆಲಿಸಬಹುದೇ ಎಂದು ವಿಚಾರಿಸಿತು. ಹೊಸನಗರದ ಮೇಲೆ ಮೋಡ ಕವಿದಿದೆಯೇ ಎಂದು ಹೇಳುವುದಕ್ಕೆ ನನ್ನ ಧ್ವನಿಯ ಅಗತ್ಯವೇನೆಂದು ತಿಳಿಯದೆ 'ನಿರಾಕರಿಸಿ'ಯ ಮೇಲೆ ಬೆರಳಿಟ್ಟೆ. ಇಟ್ಟವನು ಹಾಗೇ ಒಂದು ಗಳಿಗೆ ಕುಳಿತೆ. ಅರವತ್ತೇಳು ವರ್ಷದ ಬದುಕಿನಲ್ಲಿ, ಅದರಲ್ಲೂ ಮೂವತ್ತೆರಡು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದ ಬದುಕಿನಲ್ಲಿ, ನಾನು ಬಾಯಿಬಿಟ್ಟು 'ನಿರಾಕರಿಸುತ್ತೇನೆ' ಎಂದದ್ದು ಒಂದು ಸಲವೂ ನೆನಪಿಗೆ ಬರಲಿಲ್ಲ.

ಹಾಗೆಂದು ನಾನು ಎಲ್ಲದಕ್ಕೂ ಹೂಂಗುಟ್ಟಿದವನೆಂದು ತಿಳಿಯಬೇಡಿ. ಬೇಕಾದಷ್ಟು ನಿರಾಕರಿಸಿದ್ದೇನೆ, ಆ ಪದವನ್ನು ಬಳಸಿಲ್ಲ, ಅಷ್ಟೆ. ತಲೆಯನ್ನು ಅಡ್ಡಡ್ಡ ಆಡಿಸುವುದಕ್ಕೆ ನಮ್ಮ ಭಾಷೆಯಲ್ಲಿರುವಷ್ಟು ಸಲಕರಣೆ ಬೇರೆಲ್ಲೂ ಇರಲಾರದು ಎಂಬುದು ನನ್ನ ಬಹುದಿನದ ಹೆಮ್ಮೆ. ಇಂಗ್ಲಿಷಿನವನು ಒಂದೇ ಒಂದು 'ನೋ' ಇಟ್ಟುಕೊಂಡು ಇಡೀ ಸಂಸಾರ ತೂಗಿಸುತ್ತಾನೆ. ನಮಗಾದರೆ, ವಸ್ತು ಇರದಿದ್ದರೆ 'ಇಲ್ಲ'. ಇದ್ದೂ ಅದು ನೀವಂದುಕೊಂಡದ್ದು ಆಗಿರದಿದ್ದರೆ 'ಅಲ್ಲ'. ಅದೇ ಆಗಿದ್ದೂ ಅಗತ್ಯ ಕಾಣದಿದ್ದರೆ 'ಬೇಡ'. ಅಗತ್ಯವಿದ್ದೂ ಮನಸ್ಸು ಬಾರದಿದ್ದರೆ 'ಒಲ್ಲೆ'. ಮನಸ್ಸಿದ್ದೂ ಮೈ ಕೇಳದಿದ್ದರೆ 'ಆಗದು'. ಮೈ ಕೇಳಿದರೂ ಹಿರಿಯರು ಒಪ್ಪದಿದ್ದರೆ 'ಕೂಡದು'. ಇಷ್ಟು ಬಗೆಯಾಗಿ ಬೇಡವೆನ್ನಬಲ್ಲ ಭಾಷೆಗೆ 'ನಿರಾಕರಣೆ' ಎಂಬ ಶಲ್ಯ ಹೊದಿಸಿ ಕಚೇರಿಗೆ ಕಳಿಸಿದವರು ಬೇರೆ ಯಾರೋ. ತರಗತಿಯಲ್ಲಿ ನಾನು ಆ ಪದವನ್ನು ನಿರಾಕಾರಕ್ಕೆ ಗಂಟುಹಾಕಿ, ಎದುರಿಗೆ ಇರುವುದರ ಆಕಾರವನ್ನೇ ಅಳಿಸಿಹಾಕುವುದು ನಿರಾಕರಣೆ ಎಂದು ಗಂಭೀರವಾಗಿ ವ್ಯಾಖ್ಯಾನಿಸುತ್ತಿದ್ದೆ. ವ್ಯಾಕರಣ ಬಲ್ಲವರು ಕೇಳಿದ್ದರೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಆದರೆ ಮುಂದೆ ನನ್ನ ಬಾಳಿನಲ್ಲೇ ನಡೆದದ್ದನ್ನು ನೋಡಿದರೆ, ಆ ತಪ್ಪು ವ್ಯುತ್ಪತ್ತಿಯೇ ಸರಿಯಾದ ಅರ್ಥ ಹೇಳಿತೆನ್ನಬೇಕು.

ಇನ್ನೊಂದು ಪದವಿದೆ, ಅಪ್ಪಟ ನಮ್ಮದು: ಅಲ್ಲಗಳೆ. 'ಅಲ್ಲ' ಎಂದು 'ಕಳೆ'ಯುವುದು. ಏನನ್ನು ಕಳೆಯುವುದು ಎಂಬುದನ್ನು ಮಾತ್ರ ಪದ ಹೇಳುವುದಿಲ್ಲ. ನಾನು ಕಳೆದದ್ದು ನಾಲ್ಕು ವರ್ಷ.

ವಿಷಯ ಇಷ್ಟೇ: ನನಗೆ ಕಿವಿ ಕೇಳುತ್ತಿರಲಿಲ್ಲ, ಮತ್ತು ನಾನು ಅದನ್ನು ಒಪ್ಪುತ್ತಿರಲಿಲ್ಲ. ಕಿವುಡು ಒಂದೇ ದಿನ ಬಂದಿದ್ದರೆ ಯಾರಾದರೂ ಒಪ್ಪುತ್ತಿದ್ದರು. ಅದು ಬಾಡಿಗೆದಾರನ ಹಾಗೆ ಮೊದಲು ಒಂದು ಚಾಪೆ, ಆಮೇಲೆ ಒಂದು ಪೆಟ್ಟಿಗೆ, ಆಮೇಲೆ ನೆಂಟರನ್ನೆಲ್ಲ ತಂದುಕೊಂಡು ನೆಲೆಯಾಯಿತು. ನನ್ನ ಪಾಂಡಿತ್ಯ ಅದಕ್ಕೆ ಕಾವಲು ನಿಂತಿತು. ಜನರ ಮಾತು ಅಸ್ಪಷ್ಟವಾಗಿ ಕೇಳತೊಡಗಿದಾಗ, ಸಾಮಾನ್ಯನಾಗಿದ್ದರೆ ಕಿವಿಯನ್ನು ಸಂಶಯಿಸುತ್ತಿದ್ದ. ನಾನು ಕನ್ನಡ ಮೇಷ್ಟರು, ಜನರ ಉಚ್ಚಾರಣೆಯನ್ನು ಸಂಶಯಿಸಿದೆ. ಹಕಾರ ಹಾರಿಹೋಗುತ್ತಿದೆ, ಮಹಾಪ್ರಾಣಗಳು ಪ್ರಾಣ ಬಿಡುತ್ತಿವೆ, ಹೊಸ ಪೀಳಿಗೆ ಪದದ ಕೊನೆಯನ್ನು ನುಂಗಿ ನೀರು ಕುಡಿಯುತ್ತಿದೆ ಎಂದು ಒಂದು ಸಿದ್ಧಾಂತವನ್ನೇ ಕಟ್ಟಿದೆ. ಅಷ್ಟಕ್ಕೇ ಬಿಡದೆ ಊರಿನ ಒಂದು ಸಾಹಿತ್ಯ ಸಭೆಯಲ್ಲಿ 'ಉಚ್ಚಾರಣೆಯ ಅವನತಿ' ಎಂಬ ವಿಷಯದ ಮೇಲೆ ಒಂದು ಗಂಟೆ ಭಾಷಣ ಮಾಡಿದೆ. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಮಹಿಳೆ ಎದ್ದು ಏನೋ ಕೇಳಿದರು. ಒಳ್ಳೆಯ ಪ್ರಶ್ನೆ ಎಂದು ಮೆಚ್ಚಿ, ಒತ್ತಕ್ಷರಗಳ ಸ್ಥಿತಿಗತಿಯನ್ನು ಕುರಿತು ಹತ್ತು ನಿಮಿಷ ಉತ್ತರಿಸಿದೆ. ಜನ ಚಪ್ಪಾಳೆ ತಟ್ಟಿದರು. ಮನೆಗೆ ಬರುವ ದಾರಿಯಲ್ಲಿ ನನ್ನ ಹೆಂಡತಿ ವಸಂತಿ ಕಿವಿಯ ಹತ್ತಿರ ಬಂದು ಹೇಳಿದಳು: "ಆಯಮ್ಮ ಕೇಳಿದ್ದು, ಫ್ಯಾನ್ ಹಾಕ್ಬಹುದಾ ಅಂತ."

ಆಗಲೂ ನಾನು ಒಪ್ಪಲಿಲ್ಲ. ಸಭಾಂಗಣದ ಪ್ರತಿಧ್ವನಿ ಸರಿಯಿಲ್ಲ ಎಂದೆ.

ಇನ್ನು ನನ್ನ ಅಕ್ಕನ ವಿಷಯ. ಗಿರಿಜಕ್ಕ ನನಗಿಂತ ಏಳು ವರ್ಷ ದೊಡ್ಡವಳು, ಇರುವುದು ಸಾಗರದಲ್ಲಿ. ನಮ್ಮ ಅಪ್ಪಯ್ಯ ಕೆಳದಿಯ ಹತ್ತಿರ ಗೇಣಿಗೆ ಗದ್ದೆ ಮಾಡಿಕೊಂಡಿದ್ದವನು. ಆ ಗದ್ದೆ ನಮ್ಮದೇ ಆದ ಮೇಲೆ ನಮ್ಮ ಮನೆಯಿಂದ ಒಬ್ಬ ಮೇಷ್ಟರೂ ಒಬ್ಬಳು ಹೊಲಿಗೆ ಟೀಚರೂ ಹೊರಬಿದ್ದೆವು. ನಾನು ಶಾಲೆಗೆ ಸೇರುವ ಮೊದಲೇ ನನಗೆ ಅಕ್ಷರ ತಿದ್ದಿಸಿದವಳು ಅವಳು, ಮನೆಯ ಬಾಗಿಲ ಹಿಂಭಾಗದಲ್ಲಿ, ಸುಣ್ಣದ ಕಡ್ಡಿಯಲ್ಲಿ. ನಲವತ್ತು ವರ್ಷ ಸಾಗರದ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಿದಳು. ಅವಳ ಕೈಯಲ್ಲಿ ತಯಾರಾದ ರವಿಕೆ ತೊಟ್ಟು ಮದುವೆಯಾದವರ ಮೊಮ್ಮಕ್ಕಳೂ ಈಗ ಮದುವೆಯಾಗಿದ್ದಾರೆ.

ಈ ಗಿರಿಜಕ್ಕನ ಕಣ್ಣಿಗೆ ಪೊರೆ ಬಂದು ನಾಲ್ಕು ವರ್ಷವಾಗಿತ್ತು, ಮತ್ತು ಅವಳೂ ಅದನ್ನು ಒಪ್ಪುತ್ತಿರಲಿಲ್ಲ. ಕಣ್ಣು ಕಾಣುತ್ತದೆ ಎಂದು ಸಾಧಿಸಲು ಅವಳದೊಂದು ವಿದ್ಯೆಯಿತ್ತು. ಯಾರಾದರೂ ಬಂದು ಮಾತು ಆ ಕಡೆ ತಿರುಗಿಸಿದರೆ, ತಕ್ಷಣ ಪೆಟ್ಟಿಗೆಯಿಂದ ಒಂದು ಸೂಜಿ ತೆಗೆದು, ಕ್ಷಣ ಬೆಳಕಿಗೆ ತಿರುಗಿ, ದಾರ ಪೋಣಿಸಿದ ಸೂಜಿಯನ್ನು ಮುಖದ ಮುಂದೆ ಹಿಡಿಯುತ್ತಿದ್ದಳು. ನಾನೂ ಬೆರಗಾಗಿದ್ದೆ. ಪಕ್ಕದ ಮನೆಯ ಹೆಂಗಸು ಪ್ರತಿ ಸೋಮವಾರ ಬಂದು ಹನ್ನೆರಡು ಸೂಜಿಗಳಿಗೆ ದಾರ ಪೋಣಿಸಿಟ್ಟು ಹೋಗುತ್ತಿದ್ದಳೆಂಬ ರಹಸ್ಯ ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ.

ಕಳೆದ ಜನವರಿಯಲ್ಲಿ ತೀರ್ಥಹಳ್ಳಿಯ ಒಂದು ಶಾಲೆಯಲ್ಲಿ ಕಣ್ಣು ಮತ್ತು ಕಿವಿಯ ತಪಾಸಣೆ ಶಿಬಿರ ನಡೆಯುವುದೆಂದು ತಿಳಿಯಿತು. ವಸಂತಿ ನನ್ನ ಹತ್ತಿರ ಕುಳಿತು, ನಿಧಾನವಾಗಿ, ಗಟ್ಟಿಯಾಗಿ ಹೇಳಿದಳು: "ಗಿರಿಜಕ್ಕಂಗೆ ಕಣ್ಣು ಪೂರಾ ಮಸುಕಾಗಿದೆ. ಹೇಳಿದ್ರೆ ಒಪ್ಪಲ್ಲ. ನಿಮ್ ಕಿವಿ ತೋರ್ಸೋ ನೆಪ ಮಾಡಿ ಕರ್ಕೊಂಡ್ ಹೋಗಿ. ಅಲ್ಲಿ ಹೋದ್ಮೇಲೆ ಅವರದನ್ನೂ ತೋರಿಸ್ಬಹುದು." ಅಕ್ಕನ ಸಲುವಾಗಿ ಒಂದು ನಾಟಕ ಆಡಲು ನಾನು ಉದಾರವಾಗಿ ಒಪ್ಪಿದೆ. ಅದೇ ದಿನ ಮಧ್ಯಾಹ್ನ ಅವಳು ಸಾಗರಕ್ಕೆ ಫೋನು ಮಾಡಿ, ಅದೇ ಮಾತನ್ನು ಕಣ್ಣಿನ ಜಾಗದಲ್ಲಿ ಕಿವಿ, ಕಿವಿಯ ಜಾಗದಲ್ಲಿ ಕಣ್ಣು ಇಟ್ಟು ಅಕ್ಕನಿಗೆ ಹೇಳಿದ್ದಳು. "ನನ್ ಮಾತು ಕೇಳಲ್ಲ, ನಿಮ್ ಮಾತಾದ್ರೆ ಕೇಳ್ತಾರೆ" ಎಂದೂ ಸೇರಿಸಿದ್ದಳಂತೆ. ಕನ್ನಡದಲ್ಲಿ ಕೇಳುವುದಕ್ಕೆ ಎರಡು ಅರ್ಥವಿರುವುದು ಅವಳಿಗೆ ಎಷ್ಟು ಅನುಕೂಲವಾಯಿತು ನೋಡಿ.

ಶಿಬಿರದ ಹಿಂದಿನ ದಿನ ಅಕ್ಕನ ಮಗ ಅವಳನ್ನು ನಮ್ಮ ಮನೆಗೆ ತಂದುಬಿಟ್ಟು ಹೋದ. ಬೆಳಿಗ್ಗೆ ಇಬ್ಬರೂ, ಒಬ್ಬರನ್ನೊಬ್ಬರು ಕಾಪಾಡುವ ಗುಪ್ತ ಅಭಿಮಾನದಿಂದ, ಹೊಸನಗರದ ಬಸ್ ನಿಲ್ದಾಣಕ್ಕೆ ಬಂದೆವು. ಹನ್ನೆರಡು ಗಂಟೆಗೆ ನೋಂದಣಿ ಮುಗಿಯುತ್ತದೆಂದು ವಸಂತಿ ಮೂರು ಸಲ ಎಚ್ಚರಿಸಿದ್ದಳು. ತೀರ್ಥಹಳ್ಳಿ ಎಂಬ ಬೋರ್ಡು ಹೊತ್ತ ಬಸ್ಸೊಂದು ನಿಂತಿತ್ತು. ಬಾಗಿಲಲ್ಲಿ ಜೋತುಬಿದ್ದ ಕಂಡಕ್ಟರು ಬಾಯಿ ಆಡಿಸುತ್ತಿದ್ದ. ನಾನು ನನ್ನ ಅಭ್ಯಾಸದಂತೆ ಅವನಿಗೆ ಒಂದು ಮುಗುಳ್ನಗೆ ಕೊಟ್ಟು, ತಲೆಯಾಡಿಸಿ, ಅಕ್ಕನ ಕೈಹಿಡಿದು ಹತ್ತಿಸಿದೆ.

ಬಸ್ಸು ಊರು ಬಿಟ್ಟು ಅರ್ಧ ಗಂಟೆಯ ಮೇಲೆ, ಗದ್ದಲ ಸೀಳಿಕೊಂಡು ಕಂಡಕ್ಟರು ನಮ್ಮ ಬಳಿ ಬಂದು ಏನೋ ಕೇಳಿದ. "ಇಬ್ಬರು" ಎಂದೆ. ಅವನು ಮತ್ತೆ ಕೇಳಿದ. "ಇಬ್ಬರೂ ಹಿರಿಯ ನಾಗರಿಕರು" ಎಂದೆ.

"ಎಲ್ಲಿಗೆ ಅಂತ ಕೇಳ್ತಿದಾನೆ" ಎಂದು ಅಕ್ಕ ನನ್ನ ತೋಳು ತಿವಿದು, ಅವನ ಕಡೆ ತಿರುಗಿದಳು. "ತೀರ್ಥಹಳ್ಳಿಗಪ್ಪ."

"ಸಾಗರದ ಬಸ್ಸಲ್ಲಿ ಕೂತು ತೀರ್ಥಹಳ್ಳಿ ಅಂದ್ರೆ ನಾನ್ ಎಂತ ಮಾಡ್ಲಿ ಅಜ್ಜಿ? ಬೋರ್ಡ್ ಬದ್ಲಾಗಿಲ್ಲ, ಬೋರ್ಡ್ ನೋಡ್ಬೇಡಿ ಅಂತ ಗಂಟ್ಲು ಹರ್ಕೊಂಡು ಕೂಗಿದ್ನಲ್ಲ. ಅಜ್ಜ ನಂಗೆ ತಲೆ ಬೇರೆ ಆಡ್ಸಿದ್ರು" ಎಂದನಂತೆ.

ಇಡೀ ಬಸ್ಸು ನಮ್ಮ ಕಡೆ ತಿರುಗಿತು. ನನಗೆ ಅಷ್ಟೂ ಮುಖಗಳು ಕಂಡವು, ಒಂದು ಮಾತೂ ಕೇಳಲಿಲ್ಲ. ಅಕ್ಕನಿಗೆ ಅಷ್ಟೂ ಮಾತುಗಳು ಕೇಳಿದವು, ಒಂದು ಮುಖವೂ ಕಾಣಲಿಲ್ಲ. ಮುಂದಿನ ಕ್ರಾಸಿನಲ್ಲಿ ನಮ್ಮನ್ನು ಇಳಿಸಿ, ಎದುರಿನಿಂದ ರಿಪ್ಪನ್‌ಪೇಟೆ ಕಡೆಯ ಗಾಡಿ ಸಿಕ್ಕರೆ ಹಿಡಿಯಿರಿ ಎಂದು ಹೇಳಿ ಬಸ್ಸು ಹೊರಟುಹೋಯಿತು. ಅಲ್ಲಿ ಒಂದು ಕಲ್ಲು ಬೆಂಚು ಬಿಟ್ಟರೆ ಏನೂ ಇರಲಿಲ್ಲ. ಗಂಟೆ ಒಂಬತ್ತೂವರೆ.

"ಬೋರ್ಡಲ್ಲಿ ತೀರ್ಥಹಳ್ಳಿ ಅಂತಲೇ ಇತ್ತು" ಎಂದೆ.

"ಸಾಗರ, ಸಾಗರ ಅಂತ ಕೂಗ್ತಿದ್ದ" ಎಂದು ಅಕ್ಕ ನನ್ನ ಕಿವಿಯ ಹತ್ತಿರವೇ ಹೇಳಿದಳು.

"ಕೇಳಿದ್ರೆ ಹೇಳೋದಲ್ವಾ?"

"ಪಕ್ಕದ ಬಸ್ಸಿನವ್ನು ಅಂದ್ಕಂಡೆ. ಓದಕ್ಕೆ ನೀನಿದ್ದೆ."

"ನೀನು ಓದಬಾರದಿತ್ತಾ? ಇಷ್ಟು ದಪ್ಪ ಅಕ್ಷರ."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಆಮೇಲೆ ಎದುರಿನ ರಸ್ತೆಯನ್ನೇ ನೋಡುತ್ತ ಏನೋ ಹೇಳಿದಳು. ತುಟಿ ಅಲುಗಿದ್ದು ಕಂಡಿತು. ನಾಲ್ಕು ವರ್ಷದಿಂದ ಇಂಥ ಪ್ರಸಂಗಗಳಲ್ಲಿ ನಾನು ಮಾಡಿಕೊಂಡು ಬಂದದ್ದು ಒಂದೇ: ಮುಗುಳ್ನಕ್ಕು, ಹೌದು ಹೌದು ಎಂದು ತಲೆಯಾಡಿಸುವುದು. ಅಂದೂ ತಲೆ ತಾನಾಗಿ ಆಡತೊಡಗಿತ್ತು. ಆದರೆ ಅವಳ ಮುಖ ನೋಡಿದೆ. ಅದು ಹೌದು ಹೌದು ಎನ್ನುವಂಥ ಮಾತಾಗಿರಲಿಲ್ಲ. ಅದನ್ನು ಕಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

"ಅಕ್ಕ," ಎಂದೆ, "ನೀನು ಹೇಳಿದ್ದು ನಂಗೆ ಕೇಳ್ಲಿಲ್ಲ. ನಂಗೆ ಕಿವಿ ಕೇಳ್ಸಲ್ಲ."

ಅವಳು ನನ್ನ ಕಡೆ ತಿರುಗಿ, ತಾನು ಮೆಲ್ಲಗೆ ಹೇಳಿದ್ದನ್ನು ಆ ನಿರ್ಜನ ಕ್ರಾಸಿನಲ್ಲಿ ಕೂಗಿ ಹೇಳಿದಳು. "ನಂಗೆ ನಿನ್ ಮುಖ ಕಾಣ್ದೆ ನಾಲ್ಕ್ ವರ್ಷ ಆಯ್ತು ಅಂದೆ ಕಣೋ ಮಂಜು. ದನಿ ಮೇಲೆ ಗುರ್ತು ಹಿಡೀತಿದೀನಿ."

ಮೆಲ್ಲಗೆ ಹೇಳಿದರೆ ಅಳು ಬರಿಸಬಹುದಾದ ಮಾತು ಕೂಗಿ ಹೇಳಿದರೆ ಏನಾಗುತ್ತದೆಂದು ಅಂದು ತಿಳಿಯಿತು. ಮೊದಲು ನಕ್ಕವಳು ಅವಳೇ. ವಸಂತಿಯ ಸಂಚನ್ನು ಇಬ್ಬರೂ ಜೋಡಿಸಿ ನೋಡಿ, ತಾನು ನನ್ನ ಕಿವಿಗಾಗಿ, ನಾನು ಅವಳ ಕಣ್ಣಿಗಾಗಿ ಹೊರಟದ್ದು ಬಯಲಾದಾಗ, ಕಲ್ಲು ಬೆಂಚಿನ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನೂರಾನಲವತ್ತೊಂದು ವರ್ಷದ ನಮ್ಮ ಒಟ್ಟು ವಯಸ್ಸಿಗೆ ಅದು ಶೋಭಿಸುವಂತಿರಲಿಲ್ಲ.

ಅಷ್ಟರಲ್ಲಿ ಶಾಮಿಯಾನದ ಕಂಬ ಹೇರಿಕೊಂಡ ಒಂದು ಪಿಕಪ್ ಬಂತು. ಚಾಲಕ ರಿಪ್ಪನ್‌ಪೇಟೆಯ ಮೇಲೆ ಕೋಣಂದೂರಿಗೆ ಹೊರಟವನು. ನಮ್ಮಿಬ್ಬರನ್ನೂ ತನ್ನ ಪಕ್ಕದಲ್ಲೇ ಕೂರಿಸಿಕೊಂಡ. ಆ ಒಂದೂವರೆ ಗಂಟೆಯಷ್ಟು ಸುಖವಾದ ಪ್ರಯಾಣವನ್ನು ನಾನು ಇತ್ತೀಚೆಗೆ ಮಾಡಿಲ್ಲ. ಬಚ್ಚಿಡಲು ಏನೂ ಉಳಿದಿರಲಿಲ್ಲವಲ್ಲ, ಇಬ್ಬರೂ ಸೇರಿ ಒಬ್ಬ ಪೂರ್ಣ ಮನುಷ್ಯನಾದೆವು. ಚಾಲಕ ಹೇಳಿದ್ದನ್ನು ಅಕ್ಕ ನನ್ನ ಕಿವಿಗೆ ಹಾಕುವಳು. ರಸ್ತೆಯಲ್ಲಿ ಕಂಡದ್ದನ್ನು ನಾನು ಅವಳಿಗೆ ವರದಿ ಮಾಡುವೆ. ಒಂದು ಮನೆಗೆ ಗಿಳಿಹಸಿರು ಬಣ್ಣ ಹೊಡೆದಿದ್ದಾರೆ, ಬಾಗಿಲಿಗೆ ನೇರಳೆ ಎಂದೆ.

"ಹೌದನ? ಈಗೆಲ್ಲ ಜನ ಬಣ್ಣಾನೇ ಹೊಡ್ಸಲ್ಲ, ಊರೆಲ್ಲ ಬೂದಿ ಬೂದಿ ಆಗಿದೆ ಅಂತ ಬೈತಿದ್ದೆ ನಾನು" ಎಂದಳು.

ಒಂದು ತಿರುವಿನಲ್ಲಿ ಗಾಡಿ ನಿಂತಿತು. ಇಂಜಿನ್ ಆರಿಸಿ ಚಾಲಕ ಹಗ್ಗ ಬಿಗಿಯಲು ಇಳಿದ. ಅಕ್ಕ ತಲೆಯೆತ್ತಿ, "ಮಂಗಟ್ಟೆ ಕೂಗ್ತಿದೆ ನೋಡು, ಎರಡಿದಾವೆ" ಎಂದಳು. ಎತ್ತರದ ಮರದಲ್ಲಿ ಆ ದೊಡ್ಡ ಕೊಕ್ಕಿನ ಹಕ್ಕಿಗಳು ಎರಡು ಕುಳಿತದ್ದು ನನಗೆ ಕಂಡಿತು. ಕೊಕ್ಕು ತೆರೆಯುತ್ತಿದ್ದವು, ಮುಚ್ಚುತ್ತಿದ್ದವು, ಸದ್ದಿಲ್ಲ. ನಾನು ಬಹಳ ದಿನದಿಂದ ಬಂದವರಿಗೆಲ್ಲ, ಈ ಭಾಗದಲ್ಲಿ ಹಕ್ಕಿಗಳೇ ಇಲ್ಲವಾದವು, ಬೆಳಗಿನ ಹೊತ್ತು ಕಾಡು ಸ್ಮಶಾನದಂತಿರುತ್ತದೆ ಎಂದು ದುಃಖ ತೋಡಿಕೊಳ್ಳುತ್ತಿದ್ದೆ. ಒಪ್ಪಿಕೊಂಡವರೂ ಇದ್ದರು, ಪಾಪ. ನನ್ನ ಕಿವಿಯ ತಪ್ಪಿಗೆ ಕಾಡಿನ ಹಕ್ಕಿಗಳನ್ನೇ ನಿರಾಕಾರ ಮಾಡಿದ್ದೆನೆಂದು ಅಕ್ಕನಿಗೆ ಹೇಳಿದೆ. "ನಾನು ನಾಲ್ಕೂರಿನ ಬಣ್ಣ ತೆಗ್ದಿದೀನಿ, ನಿಂದೇನ್ ಮಹಾ" ಎಂದಳು.

ಕೋಣಂದೂರಿನಲ್ಲಿ ಬಸ್ಸು ಹಿಡಿಯುವಾಗ ಬೋರ್ಡನ್ನು ನಾನು ಓದಿದೆ, ಕೂಗನ್ನು ಅವಳು ಕೇಳಿದಳು, ಇಬ್ಬರ ಸಾಕ್ಷ್ಯವೂ ತಾಳೆಯಾದ ಮೇಲೆ ಹತ್ತಿದೆವು. ಆದರೂ ತೀರ್ಥಹಳ್ಳಿಯ ಶಾಲೆ ಮುಟ್ಟುವಾಗ ಹನ್ನೆರಡು ದಾಟಿ ಹತ್ತು ನಿಮಿಷವಾಗಿತ್ತು. ಮೇಜಿನ ಹಿಂದಿದ್ದ ಯುವತಿ ಕಾಗದಗಳನ್ನು ಚೀಲಕ್ಕೆ ತುಂಬುತ್ತಿದ್ದಳು.

"ಮುಗೀತು ಅಜ್ಜಿ. ಆಗಲ್ಲ. ಮುಂದಿನ್ ಸಲ ಬನ್ನಿ."

ನನ್ನೊಳಗಿನ ಹಳೆಯ ಮನುಷ್ಯ ಸಮಾಧಾನದಿಂದ ನಿಟ್ಟುಸಿರಿಟ್ಟದ್ದನ್ನು ಮುಚ್ಚಿಡುವುದಿಲ್ಲ. ಬಂದದ್ದಾಯಿತು, ಆಗಲಿಲ್ಲ, ಇನ್ನು ಯಾರೂ ದೂರುವಂತಿಲ್ಲ. ಕಾಲು ಹಿಂದಕ್ಕೆ ತಿರುಗಿಯೂ ಇತ್ತು. ಅಕ್ಕ ಮಾತ್ರ ಮೇಜಿನ ಅಂಚನ್ನು ತಡವಿ ಹಿಡಿದುಕೊಂಡಳು.

"ತಂಗಿ, ಆಗಲ್ಲ, ಬೇಡ, ಏನಾಗಿಲ್ಲ ಅಂತ ನಾವಿಬ್ರು ನಾಲ್ಕ್ ವರ್ಷ ಹೇಳಿ ಹೇಳಿ, ಇವತ್ತು ಬೆಳಿಗ್ಗೆ ಒಂಬತ್ತೂವರೆಗೆ ಬಿಟ್ಟಿದೀವಿ. ನೀನೂ ಅದೇ ಹೇಳಿದ್ರೆ ಸಂಜೆ ಹೊತ್ತಿಗೆ ನಂಗೆ ಮತ್ತೆ ಕಣ್ಣು ಸರಿಯಾಗ್ಬಿಡ್ತದೆ. ನನ್ನ ನಾನು ನಂಬಲ್ಲ."

ಯುವತಿ ಅವಳನ್ನು ನೋಡಿದಳು, ನನ್ನನ್ನು ನೋಡಿದಳು, ಚೀಲದಿಂದ ಒಂದು ಹಾಳೆ ಹೊರತೆಗೆದಳು. "ಪೇಷಂಟ್ ಯಾರು, ಜೊತೆಗೆ ಬಂದವ್ರು ಯಾರು?"

"ಎರಡು ಹಾಳೆ ಕೊಡಿ" ಎಂದೆ.

ಒಂದರಲ್ಲಿ ಅಕ್ಕ ರೋಗಿ, ನಾನು ಸಹಾಯಕ. ಇನ್ನೊಂದರಲ್ಲಿ ನಾನು ರೋಗಿ, ಅವಳು ಸಹಾಯಕಿ. ಎರಡನ್ನೂ ನಾನೇ ತುಂಬಿದೆ. ಸಹಿಯ ಜಾಗದ ಮೇಲೆ ಅವಳ ಬೆರಳನ್ನು ಇರಿಸಿ, ಇಲ್ಲಿ ಬರೆ ಎಂದೆ. ನನಗೆ ಅಕ್ಷರ ತಿದ್ದಿಸಿದ ಕೈ ಅದು. ಗೆರೆಯ ಮೇಲೆ ಒಂದಿಷ್ಟೂ ಡೊಂಕಾಗದೆ ತನ್ನ ಹೆಸರನ್ನು ಬರೆಯಿತು.

ಕಿವಿಯ ಡಾಕ್ಟರು ಒಂದು ಗ್ರಾಫ್ ತೋರಿಸಿದರು. ಅದು ಆಗುಂಬೆಯ ಘಾಟಿಯ ಹಾಗೆ ಬಲಗಡೆ ಇಳಿದುಹೋಗಿತ್ತು. ಹಕ್ಕಿಯ ದನಿ, ಸಕಾರ, ಹೆಂಗಸರ ಮೆಲುಮಾತು ಇವೆಲ್ಲ ಆ ಇಳಿಜಾರಿನ ಬುಡದಲ್ಲಿವೆಯಂತೆ. ಎರಡು ವಾರದ ಮೇಲೆ ಕಿವಿಗೆ ಯಂತ್ರ ಬಂತು. ಹಾಕಿಕೊಂಡು ಮನೆಗೆ ಬಂದ ದಿನ ನನ್ನ ಚಪ್ಪಲಿಯ ಸದ್ದಿಗೆ ನಾನೇ ಎರಡು ಸಲ ಹಿಂದೆ ತಿರುಗಿ ನೋಡಿದೆ. ವಸಂತಿ ಅಡುಗೆಮನೆಯಲ್ಲಿ ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಾಳೆಂಬುದೂ, ಆ ಮಾತೆಲ್ಲ ನನ್ನನ್ನು ಕುರಿತೇ ಇರುತ್ತದೆಂಬುದೂ ಗೊತ್ತಾಯಿತು. ಎರಡು ದಿನ ಸುಮ್ಮನೆ ಕೇಳಿ, ಮೂರನೆಯ ದಿನ ಒಂದಕ್ಕೆ ಉತ್ತರ ಕೊಟ್ಟೆ. ಸೌಟು ಹಿಡಿದವಳು ಹಾಗೇ ನಿಂತಳು. ಆಮೇಲೆ ಆ ದಿನವೆಲ್ಲ ಹಾಡಿಕೊಂಡು ಓಡಾಡಿದಳು. ಊರಿನ ಜನ ಹಕಾರವನ್ನು ಬಹುಮಟ್ಟಿಗೆ ಚೆನ್ನಾಗಿಯೇ ಉಚ್ಚರಿಸುತ್ತಿದ್ದಾರೆಂದು ಈ ಮೂಲಕ ತಿಳಿಸಲು ಸಂತೋಷಪಡುತ್ತೇನೆ.

ಅಕ್ಕನ ಬಲಗಣ್ಣಿನ ಶಸ್ತ್ರಚಿಕಿತ್ಸೆ ಫೆಬ್ರವರಿಯಲ್ಲಿ ಸಾಗರದಲ್ಲೇ ಆಯಿತು. ಪಟ್ಟಿ ಬಿಚ್ಚುವ ಬೆಳಿಗ್ಗೆ ನಾನು ಹೋಗಿದ್ದೆ. ನರ್ಸು ಹತ್ತಿಯನ್ನು ತೆಗೆದು, ಕಣ್ಣೊರೆಸಿ, ನಿಧಾನವಾಗಿ ತೆರೆಯಿರಿ ಎಂದಳು. ಅಕ್ಕ ಮೊದಲು ಕಿಟಕಿಯನ್ನು ನೋಡಿದಳು, ಗೋಡೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

"ಎಂತ ಅಕ್ಕ?"

"ಅಪ್ಪಯ್ಯ ಕೊನೇ ವರ್ಷ ಹೆಂಗಿದ್ನೋ ಹಂಗೇ ಆಗಿದೀಯಲ್ಲೋ."

"ನಾಲ್ಕು ವರ್ಷದಲ್ಲಿ ಅಷ್ಟೇನೂ ಆಗಿಲ್ಲ."

"ಆಗಿದೀಯ. ಕಿವೀಲಿ ಮಿಷಿನ್ ಒಂದು ಬೇರೆ." ಅವಳು ಕೈ ಚಾಚಿ ನನ್ನ ಕೆನ್ನೆ ಮುಟ್ಟಿ ನೋಡಿದಳು, ಕಂಡದ್ದೂ ಮುಟ್ಟಿದ್ದೂ ಒಂದೇ ಹೌದೋ ಎಂಬಂತೆ. ಆಮೇಲೆ ನರ್ಸಿನ ಕಡೆ ತಿರುಗಿ, ಕನ್ನಡಿ ಇದೆಯಾ ಎಂದು ಕೇಳಿದಳು.

ನರ್ಸು ತನ್ನ ಚೀಲದಿಂದ ಅಂಗೈಯಗಲದ ಕನ್ನಡಿಯೊಂದನ್ನು ಕೊಟ್ಟಳು. ಅಕ್ಕ ಅದರೊಳಗೆ ನೋಡಿದಳು. ಹುಬ್ಬು ಮೇಲೆ ಹೋಯಿತು. ಕನ್ನಡಿಯನ್ನು ತಿರುಗಿಸಿ ಹಿಂಭಾಗವನ್ನೂ ಒಮ್ಮೆ ಪರೀಕ್ಷಿಸಿ, ಮತ್ತೆ ನೋಡಿದಳು.

"ಇದ್ಯಾರು ಮಾರಾಯ್ತಿ? ಇದು ನಾನಲ್ಲ."

"ನೀವೇ ಅಜ್ಜಿ" ಎಂದಳು ನರ್ಸು.

"ಅಲ್ಲ. ನಂಗೆ ಇಷ್ಟು ಬಿಳೀ ಕೂದ್ಲಿಲ್ಲ."

ಅವಳ ಬಾಯಿಂದ ಬಂದ ಆ 'ಅಲ್ಲ'ದ ಒತ್ತಕ್ಷರ ಎಷ್ಟು ಸ್ಪಷ್ಟವಾಗಿ ಕೇಳಿತೆಂದರೆ ಅದನ್ನೇ ಸವಿಯುತ್ತ ನಿಂತಿದ್ದೆ. ಅಕ್ಕ ಕನ್ನಡಿಯನ್ನು ಎಡಕ್ಕೆ ಹಿಡಿದಳು, ಬಲಕ್ಕೆ ಹಿಡಿದಳು, ಹಣೆಗೆ ಬಿದ್ದ ಕೂದಲನ್ನು ಕಿವಿಯ ಹಿಂದಕ್ಕೆ ತಳ್ಳಿದಳು, ಮೂಗುಬೊಟ್ಟನ್ನು ಸರಿಮಾಡಿಕೊಂಡಳು. ಕನ್ನಡಿಯೊಳಗಿನವಳೂ ಹಾಗೇ ಮಾಡಿದ್ದನ್ನು ನೋಡಿ, ಹಲ್ಲಿಲ್ಲದ ಕಡೆಯಿಂದ ಮೆಲ್ಲಗೆ ನಕ್ಕಳು.

"ಇರ್ಲಿ ಬಿಡು" ಎಂದಳು. "ಚೆನ್ನಾಗೇ ಇದಾಳೆ ಮುದುಕಿ."